ನಾಲ್ಕು ಬೆರಳಿನ ಅಂತರ

ಸೌಂಪಾ ದೇವಿಯ ಮದುವೆಯಾಗಿ ಇಪ್ಪತ್ತಾರು ವರ್ಷ. ರಜೆಯ ದಿನಗಳನ್ನೆಲ್ಲ ಕೂಡಿಸಿದರೂ ಗಂಡನ ಜೊತೆ ಇದ್ದದ್ದು ನಾಲ್ಕು ವರ್ಷ ಆಗುತ್ತಿರಲಿಲ್ಲ. ಉಳಿದ ಕಾಲವೆಲ್ಲ ಅವಳು ಬಾಳಿದ್ದು ಮನೆಯ ಮೇಲಿನ ಮೆಟ್ಟಿಲುಹೊಲದ ಜೊತೆ. ಅಲ್ಲಿ ಪ್ರತಿವರ್ಷ ಬಾರಹನಾಜಾ: ರಾಗಿ, ರಾಜಗಿರಿ, ರಾಜ್ಮಾ, ಹುರುಳಿ, ಉದ್ದು ಎಂದು ಹನ್ನೆರಡು ಬಗೆಯ ಕಾಳು ಒಂದೇ ಹೊಲದಲ್ಲಿ. ಕಳೆ ತೆಗೆದು, ಒತ್ತಾದ ಪೈರು ಕಿತ್ತು, ಕೊಯ್ದು, ಬೆನ್ನ ಮೇಲೆ ಹೊತ್ತು ತಂದವಳು ಅವಳು. ಹೊಲದ ಕಾಗದದಲ್ಲಿದ್ದ ಹೆಸರು ಮಾತ್ರ ಸೇನೆಯಲ್ಲಿದ್ದ ಗಂಡ, ಹವಾಲ್ದಾರ್ ಹಯಾತ್ ಸಿಂಗರದು.

ಪಿಂಚಣಿ ಪಡೆದು ಊರಿಗೆ ಬಂದ ವರ್ಷವೇ ಹವಾಲ್ದಾರರು ಹೊಲದಂಚಿನಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಏನೇ ಇದು, ಹನ್ನೆರಡು ಪಲ್ಟನ್ನು ಒಂದೇ ಬ್ಯಾರಕ್ಕಲ್ಲಿ? ಹೊಡೆದಾಡ್ಕೊಂಡು ಸಾಯ್ತವೆ. ಬರೀ ರಾಗಿ ಹಾಕೋಣ."

"ಒಂದೇ ಜಾತಿಯವು ಇನ್ನೂ ಜೋರು ಹೊಡೆದಾಡ್ತವೆ. ಎಲ್ಲಕ್ಕೂ ಒಂದೇ ಹಸಿವು, ಬೇರೂ ಅಷ್ಟೇ ಆಳ. ರಾಜ್ಮಾ ಆದ್ರೆ ರಾಜಗಿರಿ ಹೆಗಲು ಹಿಡ್ಕೊಂಡು ಮೇಲಕ್ಕೆ ಹೋಗುತ್ತೆ, ರಾಗಿ ತಟ್ಟೆಗೆ ಕೈ ಹಾಕಲ್ಲ."

ಮಾತು ಬಗೆಹರಿಯಲಿಲ್ಲ. ಕೊನೆಗೆ ಹೊಲ ಅರ್ಧ ಅರ್ಧ ಎಂದಾಯಿತು. ಸೌಂಪಾ ಹಾಕಿದ್ದು ಒಂದೇ ಷರತ್ತು: "ಬಿತ್ತಿದೋರೇ ಒತ್ತಾದ ಪೈರು ಕೀಳ್ಬೇಕು."

ಹವಾಲ್ದಾರರು ಧಾರಾಳಿ. ಒಂದು ಹಿಡಿ ಬೀಜ ಬೀಳಬೇಕಾದಲ್ಲಿ ಮೂರು ಹಿಡಿ ಚೆಲ್ಲಿದರು. ಹಸಿರು ಕಂಬಳಿ ಹಾಸಿದಂತೆ ರಾಗಿ ಎದ್ದಿತು. ದಾರಿಹೋಕರನ್ನು ಕರೆದು ತೋರಿಸಿದರು. ಮೂರು ವಾರಕ್ಕೆ ಕಂಬಳಿ ಹಳದಿಗೆ ತಿರುಗಿತು. ಬೆಳಕಿಗಾಗಿ ಒಂದನ್ನೊಂದು ಒತ್ತಿ ಎದ್ದ ಪೈರು ನೂಲಿನಷ್ಟು ಸಣ್ಣಗಾಗಿ ಬಾಗಿತು. ಆ ಅರ್ಧ ಹೋದರೆ ಚಳಿಗಾಲದ ರೊಟ್ಟಿಯಲ್ಲೂ ಅರ್ಧ ಹೋದಂತೆ.

ಪಕ್ಕದ ಹೊಲದಿಂದ ಧೌಳಿ ಕೂಗಿದಳು: "ದೀದೀ, ಎರಡು ದಿನ ಬೆಳಗ್ಗೆ ಕೈ ಹಾಕಿದ್ರೆ ಮುಗೀತು. ನಿನ್ನ ಬೆರಳು ತುರಿಸ್ತಿರೋದು ಇಲ್ಲಿಗೇ ಕಾಣ್ತಿದೆ!"

"ತುರಿಸ್ಲಿ. ಈ ವರ್ಷ ನಾನು ಕಿತ್ತುಕೊಟ್ರೆ ಸಾಯೋವರೆಗೂ ಅವರು ಬಿತ್ತೋರು, ನಾನು ಕೀಳೋಳು."

ಹಾಗೆಂದಳೇ ಹೊರತು ಆ ಪೈರು ನೋಡಿ ಅವಳಿಗೆ ಊಟ ಸೇರಲಿಲ್ಲ. ಮರುದಿನ ಬೆಳಗ್ಗೆ ಗಂಡನನ್ನು ಕರೆದುಕೊಂಡು ಹೋಗಿ, ತಾನು ಹೊಲದ ಕಲ್ಲುಕಟ್ಟೆಯ ಮೇಲೆ ಕೂತಳು. ಕೈಗಳನ್ನು ಶಾಲಿನೊಳಗೆ ಸೇರಿಸಿಕೊಂಡಳು.

ಹವಾಲ್ದಾರರು ಮಂಡಿಯೂರಿದರು. ಒಂದು ಪೈರು ಹಿಡಿದರು, ಬಿಟ್ಟರು.

"ಇದೇನು ತಪ್ಪು ಮಾಡಿದೆ? ಚೆನ್ನಾಗೇ ಇದೆಯಲ್ಲ."

"ಪಕ್ಕದ್ದು ಇನ್ನೂ ಚೆನ್ನಾಗಿದೆ. ನಾಲ್ಕು ಬೆರಳು ಇಟ್ಟು ನೋಡಿ. ನಡುವೆ ಇರೋದೆಲ್ಲ ಹೊರಗೆ."

"ನಿಂಗೆ ಕರುಳೇ ಇಲ್ಲ ಕಣೆ."

"ಇಪ್ಪತ್ತಾರು ವರ್ಷ ಈ ಕರುಳಿಲ್ಲದೋಳು ಕಿತ್ತಿದ್ದಕ್ಕೇ ನಿಮ್ಮ ರಜಾಕ್ಕೆ ರೊಟ್ಟಿ ಬೇಯ್ತಿತ್ತು."

ಹವಾಲ್ದಾರರು ತಲೆಯೆತ್ತಿ ಅವಳನ್ನು ನೋಡಿದರು. ಆಮೇಲೆ ಕಿತ್ತರು. ಒಂದು, ಎರಡು, ಹತ್ತು. ಮಧ್ಯಾಹ್ನದ ಹೊತ್ತಿಗೆ ಮಂಡಿ ಹಿಡಿದುಕೊಂಡಿತು. "ಇದನ್ನ ಪ್ರತಿವರ್ಷ ಮಾಡ್ತಿದ್ದೆಯಾ? ಇಡೀ ಹೊಲ?" ಎಂದರು. ಸೌಂಪಾ ಕೈಯನ್ನು ಶಾಲಿನಿಂದ ತೆಗೆಯಲಿಲ್ಲ. ಕೆಳಗಿನ ಒಂದು ಮೂಲೆ ಉಳಿದಿರುವಾಗ ಮಳೆ ಹಿಡಿಯಿತು. ಆರು ದಿನ ಬಿಡಲಿಲ್ಲ. ಅಷ್ಟರಲ್ಲಿ ಕೀಳುವ ಹದ ಮೀರಿ ಆ ಮೂಲೆ ಹಾಗೇ ಉಳಿಯಿತು.

ಕಾರ್ತಿಕದಲ್ಲಿ ಸೌಂಪಾ ಹುಲ್ಲಿನ ಹೊರೆ ಹೊತ್ತು ಇಳಿಯುವಾಗ ಹವಾಲ್ದಾರರು ಹೊಲದಂಚಿನಲ್ಲಿ ಇಬ್ಬರು ಮುದುಕರಿಗೆ ಮುಷ್ಟಿಯಂಥ ತೆನೆ ತೋರಿಸುತ್ತಿದ್ದರು: "ನಾಲ್ಕು ಬೆರಳಿಗೊಂದರಂತೆ ಬಿಟ್ಟು ನಾವು ಮಿಕ್ಕಿದ್ದೆಲ್ಲ ಕಿತ್ತುಹಾಕಿದ್ವಿ!"

ಸೌಂಪಾ ನಿಂತಳು. "ನಾವಲ್ಲ. ನಾನು ಒಂದು ಗರೀನೂ ಮುಟ್ಟಿಲ್ಲ. ಎಲ್ಲಾ ಇವರೇ ಮಾಡಿದ್ದು."

ಹವಾಲ್ದಾರರ ಕಿವಿ ಕೆಂಪಾಯಿತು. ತೆನೆ ಕಟ್ಟದೆ ಕಡ್ಡಿಯಂತೆ ನಿಂತಿದ್ದ ಕೆಳಗಿನ ಮೂಲೆಯತ್ತ ಅವರೇ ಕೈ ತೋರಿಸಿದರು.

"ಹೌದು. ಆ ಬಡಕಲು ಮೂಲೇನೂ ನಂದೇ."

ಸೌಂಪಾಳಿಗೆ ಎಂಥ ನಗು ಬಂತೆಂದರೆ ಬೆನ್ನ ಮೇಲಿನ ಹೊರೆ ಜಾರಿತು. ಹವಾಲ್ದಾರರು ಓಡಿ ಬಂದು ಹಿಡಿದುಕೊಂಡರು, ಮತ್ತೆ ಅವಳಿಗೆ ಕೊಡಲಿಲ್ಲ.