ಮಿರ್ಚಿ ಬಂದಾಗ ಪಾಸಾಗುತ್ತಿದ್ದ ಠರಾವು

ಗಂಗಾವತಿಯಿಂದ ಕಾರಟಗಿ ಕಡೆ ಹೋಗುವ ರಸ್ತೆಗೆ ಒಂದು ಉಪಕಾಲುವೆ ಅಡ್ಡ ಬರುತ್ತದೆ. ಸೇತುವೆ ಪಕ್ಕದ ತಗಡಿನ ಮಂಡಕ್ಕಿ-ಮಿರ್ಚಿ ಅಂಗಡಿ ಗಾಳೆಮ್ಮನದು. ಬೆಳಿಗ್ಗೆ ಮಂಡಾಳ ಒಗ್ಗರಣೆ ಮತ್ತು ಮಿರ್ಚಿ, ಸಂಜೆ ಮಿರ್ಚಿ ಮತ್ತು ಮಂಡಾಳ ಒಗ್ಗರಣೆ. ಬೋರ್ಡಿಲ್ಲ. ಭತ್ತದ ನಾಟಿಗೆ ಆಳುಗಳನ್ನು ತುಂಬಿಕೊಂಡು ಹೊರಟ ಟಂಟಂ ಆಟೋಗಳು ಎಣ್ಣೆಯ ವಾಸನೆ ಹಿಡಿದೇ ಅಲ್ಲಿ ನಿಲ್ಲುತ್ತವೆ.

ಗಾಳೆಮ್ಮನಿಗೆ ಐವತ್ತು ದಾಟಿದೆ. ತವರಿನಿಂದ ಬಂದ ಎರಡು ಎಕರೆ ಗದ್ದೆ ಆಕೆಯ ಹೆಸರಲ್ಲೇ ಇದೆ. ಗದ್ದೆ ಇರುವುದು ಕಾಲುವೆಯ ತೀರಾ ತುದಿಯಲ್ಲಿ. ಅಲ್ಲಿಂದಾಚೆ ಕಾಲುವೆಯೇ ಇಲ್ಲ, ಹಳ್ಳ. ನೀರು ಬಿಟ್ಟಾಗ ಅಲ್ಲಿಗೆ ಎಲ್ಲರಿಗಿಂತ ತಡವಾಗಿ ಬರುತ್ತದೆ, ನಿಂತಾಗ ಎಲ್ಲರಿಗಿಂತ ಮೊದಲು ನಿಲ್ಲುತ್ತದೆ. ಉಳುವುದು, ಬಿತ್ತುವುದು ಗಂಡ ದುರಗಪ್ಪನ ಕೆಲಸ. ಗದ್ದೆ ಇರುವುದರಿಂದ ಗಾಳೆಮ್ಮ ನೀರು ಬಳಕೆದಾರರ ಸಂಘದ ಸದಸ್ಯೆ. ಆದರೆ ಹನುಮಪ್ಪನ ಗುಡಿಯ ಮುಂದೆ ಸೇರುವ ಸಂಘದ ಸಭೆಯಲ್ಲಿ ಆಕೆ ಒಮ್ಮೆಯೂ ಕೂತವಳಲ್ಲ. ಸಭೆಗೆ ಮಿರ್ಚಿ ಕರಿಯುವವಳೂ ಅವಳೇ ಆದ್ದರಿಂದ ಗುಡಿಯ ಹಿಂದೆ ಒಲೆ ಮುಂದೆ ಇರುತ್ತಿದ್ದಳು.

ಅದರ ಬಗ್ಗೆ ಅವಳಿಗೆ ಬೇಸರವೇನೂ ಇರಲಿಲ್ಲ. ಬುಟ್ಟಿ ಹೊತ್ತು ಗುಡಿಯ ಮುಂದೆ ಬಂದ ಕೂಡಲೇ ಇಡೀ ಸಭೆ ಚಪ್ಪಾಳೆ ತಟ್ಟುತ್ತಿತ್ತು. ಹಿಂದೊಮ್ಮೆ ಮುನಿರಾಬಾದಿನ ನೀರಾವರಿ ಕಚೇರಿಯಿಂದ ಬಂದ ಎಂಜಿನಿಯರೊಬ್ಬರ ಉದ್ದನೆಯ ಭಾಷಣದ ನಡುವೆ ಬುಟ್ಟಿ ಬಂದು, ಹಸಿದ ಜನ ಖುಷಿಯಿಂದ ಚಪ್ಪಾಳೆ ತಟ್ಟಿದ್ದರು. ಎಂಜಿನಿಯರ್ ಕೈಮುಗಿದು ಭಾಷಣ ಮುಗಿಸಿದ್ದರು. ಅಂದಿನಿಂದ ಅದು ಪದ್ಧತಿಯಾಯಿತು. ಗಾಳೆಮ್ಮ ಮನೆಗೆ ಬಂದು ಗಂಡನಿಗೆ ಹೇಳುತ್ತಿದ್ದಳು, "ಏನ್ ಚಪ್ಪಾಳಿ ಅಂತೀರಿ! ಮಂತ್ರಿಗೂ ಬೀಳಂಗಿಲ್ಲ."

ಸಂಘದ ಅಧ್ಯಕ್ಷ ಪಂಪಾಪತಿ ಅಕ್ಕಿ ವ್ಯಾಪಾರಿ. ಅವರ ಗದ್ದೆಗಳು ಕಾಲುವೆಯ ಮೇಲ್ಭಾಗದಲ್ಲಿವೆ. ಅವರು ಕೆಟ್ಟ ಅಧ್ಯಕ್ಷರೆಂದು ಯಾರೂ ಹೇಳುವುದಿಲ್ಲ. ಮೊದಲ ವರ್ಷ ತಾವೇ ನಿಂತು ಹೂಳು ತೆಗೆಸಿದರು, ದಂಡೆಯ ಜಾಲಿ ಕಡಿಸಿದರು. ಊರಿಗೆ ಅವರ ಮೇಲೆ ಹುಟ್ಟಿದ ಪ್ರೀತಿ ನಿಜವಾದದ್ದು. ಮುಂದಿನದೆಲ್ಲ ಆ ಪ್ರೀತಿಯಿಂದಲೇ ಶುರುವಾಯಿತು.

ತೂಬಿನ ಕೀಲಿಕೈ ಮೊದಲು ಹನುಮಪ್ಪನ ಗುಡಿಯ ಕಂಬಕ್ಕೆ ನೇತಾಡುತ್ತಿತ್ತು. ಒಮ್ಮೆ ಕುಡಿದವನೊಬ್ಬ ಪಾಳಿ ಇಲ್ಲದ ದಿನ ತೂಬು ಎತ್ತಿದ. "ನಾಕ ದಿನ ನಮ್ಮನ್ಯಾಗ ಇರಲಿ" ಎಂದು ಪಂಪಾಪತಿ ಕೀಲಿಕೈಯನ್ನು ಮನೆಗೆ ಒಯ್ದರು. ಆ ನಾಲ್ಕು ದಿನ ಮುಗಿಯಲೇ ಇಲ್ಲ. ಚುನಾವಣೆ ಬಂದಾಗ "ಯಾಕ ಸುಮ್ನ ಊರಾಗ ಜಗಳ" ಎಂದು ಊರವರು ಅವರನ್ನೇ ಅವಿರೋಧವಾಗಿ ಆರಿಸಿದರು. ಸಂಘದ ವಾಟ್ಸಾಪ್ ಗುಂಪಿನಲ್ಲಿ ಜಗಳವಾದದ್ದೇ ನೆಪವಾಗಿ, ಅಧ್ಯಕ್ಷರು ಮಾತ್ರ ಬರೆಯುವಂತೆ ಮಾಡಲಾಯಿತು. ಬೆಳಿಗ್ಗೆ ಅಧ್ಯಕ್ಷರ ಶುಭೋದಯ, ಸಂಜೆ ಅಧ್ಯಕ್ಷರ ಶುಭರಾತ್ರಿ. ನಡುವೆ ನೀರು ಯಾವಾಗ ಎಂದು ಕೇಳಲು ದಾರಿಯಿರಲಿಲ್ಲ. ಅಭಿಮಾನಿಗಳು ತೂಬಿನ ಕಟ್ಟೆಯ ಮೇಲೆ ಅವರ ಫೋಟೋ ಹಾಕಿ ಮಾಲೆಯನ್ನೂ ಹಾಕಿದರು. ಹೊಲಕ್ಕೆ ಹೊರಟಿದ್ದ ಅವರ ಹೆಂಡತಿ ಅದನ್ನು ಕಂಡು, "ಮನಿಷಾ ಇನ್ನೂ ಮನ್ಯಾಗ ರೊಟ್ಟಿ ತಿನ್ನಾಕತ್ಯಾನ, ಯಾರೋ ಮಾಲಿ ಹಾಕಿದಾಂವ?" ಎಂದು ಕೂಗಾಡಿ ಮಾಲೆ ಕಿತ್ತು ಕಾಲುವೆಗೆ ಎಸೆದರು. ಫೋಟೋ ಉಳಿಯಿತು.

ಒಂದು ಸಭೆಯಲ್ಲಿ ದ್ಯಾಮಣ್ಣ ಎಂಬ ರೈತ ಎದ್ದುನಿಂತು, "ಯಜಮಾನ್ರ, ಕೀಲಿಕೈ ಗುಡಿಗೆ ಯಾವಾಗ ಬರ್ತೈತ್ರಿ?" ಎಂದು ಕೇಳಿದ. ಪಂಪಾಪತಿ ನಕ್ಕು, "ಮನಿಗೆ ಬಾರೊ, ಚಾ ಕುಡದು ಮಾತಾಡೂಣು" ಎಂದರು. ಆ ವಾರ ದ್ಯಾಮಣ್ಣನ ಗದ್ದೆಗೆ ನೀರು ಬರಲಿಲ್ಲ. ಏಡಿಗಳು ಕಾಲುವೆಯ ದಂಡೆ ಕೊರೆದಿವೆ, ದುರಸ್ತಿ ಆಗಬೇಕು ಎಂಬ ಉತ್ತರ ಬಂತು. ಆ ವಾರ ಇಡೀ ಕಾಲುವೆಯ ಏಡಿಗಳೆಲ್ಲ ದ್ಯಾಮಣ್ಣನ ಬದುವಿನಲ್ಲೇ ಸೇರಿದ್ದವು. ಆಮೇಲೆ ಊರಲ್ಲಿ ಯಾರಾದರೂ ಪ್ರಶ್ನೆ ಕೇಳಲು ಬಾಯಿ ತೆರೆದರೆ ಪಕ್ಕದವರು ಅಂಗಿ ಜಗ್ಗುತ್ತಿದ್ದರು: "ಕುಂದ್ರೊ, ಏಡಿ ಬರ್ತಾವ."

ಕಳೆದ ಮುಂಗಾರಿನ ಸಭೆಯ ದಿನ ಗಾಳೆಮ್ಮನ ಸಿಲಿಂಡರ್ ನಡುವೆಯೇ ಖಾಲಿಯಾಯಿತು. ಮೆಣಸಿನಕಾಯಿ ಸೀಳಿಕೊಡುತ್ತಿದ್ದ ಇಮಾಮಬಾನು ಬೇರೆ ಸಿಲಿಂಡರ್ ತರಲು ಓಡಿದಳು. ಇಮಾಮಬಾನು ಗಾಳೆಮ್ಮನ ನೆರೆಯವಳು. ಆಕೆಯ ಒಂದು ಎಕರೆ ಗದ್ದೆಯೂ ಕಾಲುವೆಯ ತುದಿಯಲ್ಲೇ ಇದೆ. ಅಷ್ಟರಲ್ಲಿ ಸಂಘದ ಕಾರ್ಯದರ್ಶಿ ವಿರುಪಾಕ್ಷಿ ಏದುಸಿರು ಬಿಡುತ್ತ ಗುಡಿಯ ಹಿಂದೆ ಬಂದ.

"ಅಕ್ಕಾ, ಇನ್ನೂ ಎಷ್ಟೊತ್ತು?"

"ಗ್ಯಾಸ್ ತೀರೇತಿ ತಮ್ಮಾ. ಹಸದಾರೇನು ಮಂದಿ?"

"ಮಂದಿ ಹಸುವು ಯಾಂವ ಕೇಳ್ತಾನ? ಠರಾವು ನಿಂತೈತಿ! ಯಜಮಾನ್ರು ಓದಿದ್ದ ಓದಾಕತ್ಯಾರ. ನಿನ್ನ ಬುಟ್ಟಿ ಬರಬೇಕು, ಚಪ್ಪಾಳಿ ಬೀಳಬೇಕು, ನಾ ಸರ್ವಾನುಮತ ಅನ್ನಬೇಕು."

ಗಾಳೆಮ್ಮ ಮಿರ್ಚಿ ಎತ್ತುವ ಝಾರಿ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದಳು. "ಮತ್ತ ಆ ಚಪ್ಪಾಳಿ ಮಿರ್ಚಿಗೆ ಅಲ್ಲೇನು?"

ವಿರುಪಾಕ್ಷಿ ಪಾಪದ ಮನುಷ್ಯ, ಸುಳ್ಳು ಹೇಳಲು ಬಾರದವನು. "ತಟ್ಟೋರು ಮಿರ್ಚಿಗೇ ತಟ್ತಾರಕ್ಕ. ನಾವು ಠರಾವಿಗೆ ಬರಕೋತೀವಿ."

ಸಿಲಿಂಡರ್ ಬಂತು. ಆ ಹೊತ್ತಿಗೆ ಗಾಳೆಮ್ಮನಿಗೆ ಸಿಟ್ಟಿಗಿಂತ ಹಿಟ್ಟಿನ ಚಿಂತೆ ಹೆಚ್ಚಾಗಿತ್ತು. ಕಲಸಿಟ್ಟ ಕಡಲೆಹಿಟ್ಟು ನೀರೊಡೆಯುತ್ತಿತ್ತು. ಕರಿದಳು, ಬುಟ್ಟಿ ಹೊತ್ತಳು, ಹೋದಳು. ಚಪ್ಪಾಳೆ ಬಿತ್ತು. "ಸರ್ವಾನುಮತದಿಂದ ಅಂಗೀಕಾರ" ಎಂಬ ವಿರುಪಾಕ್ಷಿಯ ದನಿ ಮೊದಲ ಬಾರಿ ಆಕೆಯ ಕಿವಿಗೆ ಬಿತ್ತು. ಏನು ಅಂಗೀಕಾರವಾಯಿತೆಂದು ತಿಳಿದದ್ದು ಮನೆಗೆ ಹೋದ ಮೇಲೆ: ನೀರಿನ ಪಾಳಿಯನ್ನು ಇನ್ನು ಮುಂದೆ ಅಧ್ಯಕ್ಷರೇ ಗೊತ್ತುಮಾಡುತ್ತಾರೆ.

ಪಾಳಿ ತುದಿಯವರೆಗೆ ಬರಲಿಲ್ಲ. ಗಾಳೆಮ್ಮನ ಸಸಿಮಡಿ ಹಳದಿಗೆ ತಿರುಗಿತು. ದುರಗಪ್ಪ ಮೇಲ್ಭಾಗದವರ ಹತ್ತಿರ ಉಳಿದ ಸಸಿ ಕೇಳಿ ತಂದು, ಹಳ್ಳದಿಂದ ಮೋಟರ್ ಹಚ್ಚಿ ಅರ್ಧ ಗದ್ದೆ ನಾಟಿ ಮಾಡಿದ. ಉಳಿದರ್ಧದಲ್ಲಿ ಊರ ಎಮ್ಮೆಗಳು ಮಲಗಿದವು. ತಾನು ಕರಿದ ಮಿರ್ಚಿಯೇ ತನ್ನ ಗದ್ದೆಯ ನೀರು ನಿಲ್ಲಿಸಿತು ಎಂಬುದು ಗಾಳೆಮ್ಮನಿಗೆ ನುಂಗಲಾರದ ತುತ್ತಾಯಿತು. ಕೆಲವು ದಿನ ಆಕೆ ಮಿರ್ಚಿಗೆ ಉಪ್ಪು ಹಾಕುವುದನ್ನೇ ಮರೆತಳು. ಗಿರಾಕಿಗಳು ಬೈದರು.

ಮುಂದಿನ ಸಭೆಯ ವಿಷಯ ಮೊದಲೇ ಗೊತ್ತಾಯಿತು. ಚುನಾವಣೆ ಬೇಡ, ಈಗಿನ ಅಧ್ಯಕ್ಷರೇ ಮುಂದಿನ ತೀರ್ಮಾನದವರೆಗೆ ಇರಲಿ ಎಂಬ ಠರಾವು. ಮುಂದಿನ ತೀರ್ಮಾನ ಮಾಡುವವರೂ ಅಧ್ಯಕ್ಷರೇ. ಅದು ಪಾಸಾದರೆ ತುದಿಯವರಿಗೆ ನೀರು ಕೇಳಲು ಒಂದು ಮತವೂ ಉಳಿಯುವುದಿಲ್ಲ. ಸಭೆಗೆ ಮುಂಚಿನ ಸಂಜೆ ಪಂಪಾಪತಿ ಕಾರು ನಿಲ್ಲಿಸಿ ಅಂಗಡಿಯ ಬೆಂಚಿನ ಮೇಲೆ ಕೂತರು. ಮಿರ್ಚಿಯ ತುದಿ ಕಡಿದು, "ಗಾಳೆವ್ವ, ಇನ್ನ ಮ್ಯಾಲ ಸಂಘದ ಎಲ್ಲಾ ಕಾರ್ಯಕ್ರಮಕ್ಕೂ ನಿಂದ ಮಿರ್ಚಿ. ನೀ ಇರೂತನಕ" ಎಂದರು. "ಒಂದ ಮಾತು. ವಿರುಪಾಕ್ಷಿ ಟವೆಲ್ ಬೀಸಿದ ಕೂಡ್ಲೆ ಬುಟ್ಟಿ ತರಬೇಕು."

ಅವರು ಹೋದ ಮೇಲೆ ದುರಗಪ್ಪ, "ಒಪ್ಪಕೊ. ಗದ್ದಿ ಹೋದ್ರೂ ಅಂಗಡಿ ಉಳಿತೈತಿ" ಎಂದ.

"ಬಂದ ಸಸಿ ಒಣಗಿದ್ದ ನೋಡಿದ್ರೂ ಹಿಂಗ ಅಂತೀರೇನು?"

"ಏಡಿ ಬರ್ತಾವಲ್ಲ!"

ಮೆಣಸಿನಕಾಯಿ ಸೀಳುತ್ತಿದ್ದ ಇಮಾಮಬಾನು ತಲೆ ಎತ್ತದೆ ಹೇಳಿದಳು. "ಭಾವ, ಒಬ್ಬಾಂವ ಕೇಳಿದ್ರ ಒಬ್ಬನ ಹೊಲಕ್ಕ ಏಡಿ ಬರ್ತಾವ. ಎಲ್ಲಾರೂ ಕೇಳಿದ್ರ ಅಷ್ಟ ಏಡಿ ಎಲ್ಲಿಂದ ತರ್ತಾರ, ಸಮುದ್ರದಿಂದೇನು?"

ಮರುದಿನ ದುರಗಪ್ಪನೇ ತುದಿಯ ಗದ್ದೆಗಳವರ ಮನೆಮನೆಗೆ ಹೋಗಿ, ದೇವಿಯ ದರ್ಶನಕ್ಕೆಂದು ಹುಲಿಗಿಗೆ ಹೊರಟಿದ್ದವರನ್ನೂ ತಡೆದು, ಸಭೆಗೆ ಕರೆತಂದ. ದೇವಿ ಕಾಯುತ್ತಾಳೆ, ಸಭೆ ಕಾಯುವುದಿಲ್ಲ ಎಂಬುದು ಅವನ ವಾದ.

ಗುಡಿಯ ಮುಂದೆ ಜನ ತುಂಬಿದ್ದರು. ಗಾಳೆಮ್ಮ ಈ ಸಲ ಒಲೆಯನ್ನು ಹಿಂದೆ ಇಡದೆ ಸಭೆಯ ಪಕ್ಕಕ್ಕೇ ತಂದಿದ್ದಳು. ಪಂಪಾಪತಿ ಠರಾವು ಓದಿದರು. ವಿರುಪಾಕ್ಷಿ ಟವೆಲ್ ಬೀಸಿದ. ಬುಟ್ಟಿ ಅಲ್ಲಾಡಲಿಲ್ಲ. ಮತ್ತೆ ಬೀಸಿದ. ನೊಣ ಓಡಿಸುತ್ತಿದ್ದಾನೆಂದುಕೊಂಡು ಪಕ್ಕದವರೂ ಟವೆಲ್ ಬೀಸಿದರು. ಅಧ್ಯಕ್ಷರು ಮುಂಜಾಗ್ರತೆಯಾಗಿ ತರಿಸಿಟ್ಟಿದ್ದ ಬಿಸ್ಕೀಟು ಪಾಕೀಟುಗಳನ್ನು ಹಂಚಿಸಿದರು. ಜನ ತೆಗೆದುಕೊಂಡು ಮಕ್ಕಳಿಗೆಂದು ಕಿಸೆಗೆ ಹಾಕಿಕೊಂಡರು. ಬಿಸ್ಕೀಟಿಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಕಡಾಯಿಯಿಂದ ಓಮದ ವಾಸನೆ ಏಳುತ್ತಿತ್ತು. "ಗಾಳೆವ್ವ, ಜೀವ ಹೋಗಾಕತ್ತೈತಿ, ತಾರವ್ವ!" ಎಂದು ದ್ಯಾಮಣ್ಣ ಕೂಗಿದ.

ಗಾಳೆಮ್ಮ ಎದ್ದುನಿಂತಳು. ಸಭೆಯಲ್ಲಿ ಆಕೆ ಮಾತಾಡಿದ್ದು ಅದೇ ಮೊದಲು. "ನಾನೂ ಸದಸ್ಯಳದೀನಿ. ಮೊದ್ಲ ಕೈ ಎತ್ರಿ. ಹೌದನ್ನೋರು ಎಷ್ಟು, ಬ್ಯಾಡನ್ನೋರು ಎಷ್ಟು ಎಣಸ್ರಿ. ಆಮ್ಯಾಲ ಬುಟ್ಟಿ."

"ಹಸದವ್ರನ್ನ ಹಿಂಗ ಹಿಡಕೊಳ್ಳೂದು ದಬ್ಬಾಳಿಕಿ ಅಲ್ಲೇನವ್ವ?" ಎಂದರು ಪಂಪಾಪತಿ. ಜನ ನಕ್ಕರು. ಮಾತು ಸುಳ್ಳೂ ಆಗಿರಲಿಲ್ಲ.

ಗಾಳೆಮ್ಮ ಬುಟ್ಟಿಯತ್ತ ಕೈ ತೋರಿಸಿದಳು. "ಹೌದ್ರಿ ಯಜಮಾನ್ರ. ಅದಕ್ಕ ಈಗ ಹೇಳ್ತೀನಿ ಕೇಳ್ರಿ. ನಿಮಗ ಕೈ ಎತ್ತಿದವ್ರಿಗೂ ಎರಡು, ಎತ್ತಲಾರದವ್ರಿಗೂ ಎರಡು. ನಿಮಗೂ ಎರಡು. ನನ್ನ ಮಿರ್ಚಿಗೆ ಏಡಿ ಗೊತ್ತಿಲ್ಲ."

ನಗು ನಿಂತಿತು. ಏಡಿಯ ಮಾತನ್ನು ಅಧ್ಯಕ್ಷರ ಎದುರು ಯಾರೂ ಆಡಿರಲಿಲ್ಲ.

ಠರಾವಿನ ಪರ ಕೈ ಎತ್ತಿ ಎಂದು ವಿರುಪಾಕ್ಷಿ ಕೇಳಿದಾಗ ಮುಂದಿನ ಸಾಲಿನವರು ಎತ್ತಿದರು. ಅಭ್ಯಾಸಬಲದಿಂದ ಒಬ್ಬಾತ ಎರಡೂ ಕೈ ಎತ್ತಿದ. ಒಂದನ್ನು ಇಳಿಸಲು ಹೇಳಬೇಕಾಯಿತು. ವಿರುದ್ಧ ಎಂದಾಗ ಯಾರೂ ಎತ್ತಲಿಲ್ಲ. ಎಲ್ಲರೂ ನೆಲ ನೋಡುತ್ತಿದ್ದರು. ಪಂಪಾಪತಿ ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದರು.

ಹಿಟ್ಟು ಮೆತ್ತಿದ ಒಂದು ಹಳದಿ ಕೈ ಒಲೆಯ ಪಕ್ಕದಿಂದ ಮೇಲೆದ್ದಿತು. ಮೊಳಕೈವರೆಗೂ ಕಡಲೆಹಿಟ್ಟು, ಯಾರದೆಂದು ಕೇಳುವ ಅಗತ್ಯವೇ ಇರಲಿಲ್ಲ. ಪಕ್ಕದಲ್ಲಿ ಮೆಣಸಿನಕಾಯಿಯ ಖಾರಕ್ಕೆ ಕೆಂಪಾದ ಇಮಾಮಬಾನುವಿನ ಕೈ. ಗಂಡಸರ ಸಾಲಿನಲ್ಲಿ ದುರಗಪ್ಪ ಕೈ ಎತ್ತಿ, ಎತ್ತಿದ್ದು ತಾನೇ ಎಂಬುದನ್ನು ನಂಬಲಾರದೆ ಅದನ್ನೇ ನೋಡಿದ. "ಏಡಿಗೆ ನನ್ನ ಹೊಲದ ದಾರಿ ಹೆಂಗೂ ಗೊತ್ತೈತಿ" ಎನ್ನುತ್ತ ದ್ಯಾಮಣ್ಣನೂ ಎತ್ತಿದ. ಆಮೇಲೆ ತುದಿಯವರು ಎತ್ತಿದರು, ನಡುವಿನವರು ಎತ್ತಿದರು. ಮೇಲ್ಭಾಗದ ಕೆಲವರೂ, ಅಧ್ಯಕ್ಷರ ಬೆನ್ನ ಹಿಂದೆ ಕೂತಿದ್ದವರು, ಭುಜದ ಮಟ್ಟಕ್ಕೆ ಎತ್ತಿದರು.

ವಿರುಪಾಕ್ಷಿ ಎಣಿಸಿದ, ಬೆವರು ಒರೆಸಿಕೊಂಡು ಮತ್ತೆ ಎಣಿಸಿದ. "ಯಜಮಾನ್ರ, ಠರಾವು ಬಿದ್ದೈತ್ರಿ" ಎಂದ. ದನಿಯಲ್ಲಿ ಭಯವಿತ್ತು, ಸ್ವಲ್ಪ ಹಗುರವೂ ಇತ್ತು.

ಗಾಳೆಮ್ಮ ಸೆರಗು ಬಿಗಿದು ಬುಟ್ಟಿ ಹೊತ್ತು ಬಂದಳು. ಇಷ್ಟೆಲ್ಲ ಆದ ಮೇಲೆ ಇವತ್ತು ಗುಡಿಯ ಗಂಟೆಯೇ ಅದುರುವಂಥ ಚಪ್ಪಾಳೆ ಬೀಳುತ್ತದೆಂದು ಆಕೆ ಒಳಗೊಳಗೇ ಸಿದ್ಧಳಾಗಿದ್ದಳು. ಒಂದು ಚಪ್ಪಾಳೆಯೂ ಬೀಳಲಿಲ್ಲ. ಎಲ್ಲರೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಿದ್ದರು.

"ಯಾಕ್ರೊ, ಛಲೋ ಆಗಿಲ್ಲೇನು?" ಎಂದಳು, ಮುಖ ಸಣ್ಣದು ಮಾಡಿಕೊಂಡು.

"ಭಾಳ ಛಲೋ ಆಗ್ಯಾವವ್ವ" ಎಂದ ದ್ಯಾಮಣ್ಣ, ಒಂದು ಕೈ ಮಾತ್ರ ಬಿಡಿಸಿಕೊಂಡು ಮಿರ್ಚಿ ಕಡಿಯುತ್ತ. "ಚಪ್ಪಾಳಿ ಹೊಡದ್ರ ಮತ್ತೇನರ ಪಾಸಾದೀತು ಅಂತ ಹೆದರಿಕಿ."

ಚುನಾವಣೆ ನಡೆಯಿತು. ಪಂಪಾಪತಿ ನಿಂತರು, ಸ್ವಲ್ಪದರಲ್ಲಿ ಸೋತರು. ಅವರು ತೆಗೆಸಿದ ಹೂಳನ್ನು ನೆನೆದು ಅವರಿಗೆ ಮತ ಹಾಕಿದವರು ಬಹಳ ಜನ. ಹಾಕಿದ್ದೇವೆಂದು ಈಗಲೂ ಬಾಯಿಬಿಟ್ಟು ಹೇಳುತ್ತಾರೆ, ಯಾರೂ ಅವರ ನೀರು ನಿಲ್ಲಿಸಿಲ್ಲ. ತುದಿಯ ಗದ್ದೆಯವನೇ ಆದ ಸಿದ್ದೇಶ ಅಧ್ಯಕ್ಷನಾದ. ಕೀಲಿಕೈ ಗುಡಿಯ ಕಂಬಕ್ಕೆ ಮರಳಿತು, ಪಾಳಿ ಮೊದಲಿನಂತಾಯಿತು. ಈ ಬೆಳೆಗೆ ಗಾಳೆಮ್ಮನ ಎರಡೂ ಎಕರೆ ನಾಟಿಯಾಗಿದೆ. ಎಮ್ಮೆಗಳು ಬೇರೆ ಜಾಗ ನೋಡಿಕೊಂಡಿವೆ.

ಹೊಸ ಅಧ್ಯಕ್ಷರ ಮೊದಲ ಸಭೆ ಉದ್ದವಾಯಿತು. ಗಾಳೆಮ್ಮನ ಬೆಂಬಲದಿಂದಲೇ ಗೆದ್ದ ಸಿದ್ದೇಶ, ಜನ ಒಂದೇ ವಿಷಯಕ್ಕೆ ವಾದಿಸುವುದನ್ನು ಕೇಳಿ ಸಾಕಾಗಿ, ಒಲೆಯ ಹತ್ತಿರ ಬಂದು ದನಿ ತಗ್ಗಿಸಿದ.

"ಅಕ್ಕಾ, ಇವ್ರ ಮಾತು ಮುಗಿಯಂಗ ಕಾಣ್ಸಂಗಿಲ್ಲ. ಬುಟ್ಟಿ ಸ್ವಲ್ಪ ಲಗೂನ ತಂದ್ರ..."

ಗಾಳೆಮ್ಮ ಎಣ್ಣೆ ಸೋರುವ ಝಾರಿಯನ್ನು ಕಡಾಯಿಯಿಂದ ಎತ್ತಿ ಅವನತ್ತ ತೋರಿಸಿದಳು.

"ನಡಿ ತಮ್ಮಾ, ಹೋಗಿ ಕುಂದ್ರು. ಎಣ್ಣಿ ಇನ್ನೂ ಕಾದಿಲ್ಲ."

ಎಣ್ಣೆ ಕುದಿಯುತ್ತಿತ್ತು.