ಅಕ್ಕನ ಹೊಲಿಗೆ ಮಿಷನ್ ಮತ್ತು ನನ್ನ ಪಾಸು

ಇವತ್ತು ಬೆಳಿಗ್ಗೆ ಬಾವಿಯಿಂದ ನೀರು ಸೇದಿಟ್ಟೆ, ದನದ ಹಟ್ಟಿಯ ಸೆಗಣಿ ತೆಗೆದೆ, ಕೊಡೆಯ ಮುರಿದ ಕಡ್ಡಿಗೆ ತಂತಿ ಸುತ್ತಿದೆ, ಬಿ.ಸಿ.ರೋಡಿನಲ್ಲಿ ಒಂದು ಕಟ್ಟು ವೀಳ್ಯದೆಲೆ ಕೊಂಡು ಬೆಳ್ತಂಗಡಿಯ ಬಸ್ಸು ಹತ್ತಿದೆ. ಲಾಯಿಲದ ಅಕ್ಕನ ಮನೆಗೆ ಬಂದು ಕೈಕಾಲು ತೊಳೆದೆ. ಮಾಡಲೇಬೇಕಾಗಿದ್ದ ಒಂದು ಕೆಲಸ ಮಾತ್ರ ಸಂಜೆಯವರೆಗೂ ಮುಂದೆ ಹೋಯಿತು — ಸುಳ್ಳು ಹೇಳಿ ಅವಳ ಹೊಲಿಗೆ ಮಿಷನನ್ನು ಮನೆಯಿಂದ ಹೊರಗೆ ಹಾಕಿಸಿದವನು ನಾನು ಎಂದು ಅವಳಿಗೇ ಹೇಳುವುದು.

ಹತ್ತು ಹನ್ನೆರಡು ವರ್ಷಗಳ ಹಿಂದಿನ ಮಾತು. ಆಗ ನಾನು ಬಂಟ್ವಾಳದ ಅಕ್ಕಿ ಮಿಲ್ಲೊಂದರಲ್ಲಿ ಗುಮಾಸ್ತ. ಅಕೌಂಟೆನ್ಸಿ ಪರೀಕ್ಷೆ ಪಾಸಾದರೆ ಮುಖ್ಯ ಲೆಕ್ಕಿಗನ ಕುರ್ಚಿ ನನಗೇ ಎಂದು ಧಣಿಗಳು ಹೇಳಿದ್ದರು. ಎರಡು ಸಲ ಬಿದ್ದೆ. ಮೂರನೆಯ ಸಲವೂ ಬಿದ್ದ ಸುದ್ದಿ ಬಂದ ದಿನ, ಮನೆಯ ಯಜಮಾನರಾದ ಸೋದರಮಾವ ಮುಂಭಾಗದ ಚಾವಡಿಯಲ್ಲಿ ಎಲ್ಲರ ಎದುರು ಕೇಳಿದರು:

"ನಿನಗೆ ಎಂತ ಕಡಿಮೆಯಾಗಿದೆ ಮಾರಾಯ? ಹೊತ್ತಿಗೆ ಊಟ ಉಂಟು, ದೀಪಕ್ಕೆ ಎಣ್ಣೆ ಉಂಟು. ತಲೆ ಒಂದು ಇಲ್ಲವಾ?"

ಒಳಗೆ ಯಾರೋ ನಕ್ಕರು. ಆ ನಗೆಯನ್ನು ಸಹಿಸಲಾರದೆ ನಾನು ಹೇಳಿಬಿಟ್ಟೆ — "ಅಕ್ಕನ ಮಿಷನಿನ ಸದ್ದು ಮಾವ. ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ."

ಭಾವ ಆಗ ಮುಂಬೈಯ ಹೋಟೆಲಿನಲ್ಲಿದ್ದರು. ಮನೆ ಹೆಣ್ಣುಮಕ್ಕಳ ಪಾಲಿಗೆ ಬರುವ ನಮ್ಮ ಅಳಿಯಸಂತಾನದ ಪದ್ಧತಿಯಂತೆ ಅಕ್ಕ ಮಕ್ಕಳೊಂದಿಗೆ ತಾಯಿಮನೆಯಲ್ಲೇ ಇದ್ದಳು. ನ್ಯಾಯವಾಗಿ ಮನೆ ಅವಳದು, ನಾನು ಅಲ್ಲಿ ಉಣ್ಣುವವನು. ಆದರೆ ಮಾತು ಮಾವನದು. ಜಗಲಿಯ ಮೂಲೆಯಲ್ಲಿ ಅವಳ ಮಿಷನ್ ಇತ್ತು. ನೆರೆಯ ಹುಡುಗಿಯರು, ಆಚೆಯ ಬ್ಯಾರಿ ಮುಸ್ಲಿಮರ ಮನೆಯ ಹೆಣ್ಣುಮಕ್ಕಳು ಕೂಡ, ಅವಳ ಬಳಿ ಹೊಲಿಗೆ ಕಲಿಯಲು ಬರುತ್ತಿದ್ದರು. ಆ ಹೊತ್ತಿನಲ್ಲಿ ಅವಳ ಮುಖವೇ ಬೇರೆ.

"ಇವನು ಓದುವಾಗ ನಾನು ಹೊಲಿಯುವುದಿಲ್ಲ ಮಾವ" ಎಂದಳು. ಮಾವ ಕೇಳಲಿಲ್ಲ. ಮರುದಿನ ಮಿಷನ್ ಎತ್ತಿನ ಗಾಡಿಯಲ್ಲಿ ಪೇಟೆಯ ದರ್ಜಿಯೊಬ್ಬನ ಅಂಗಡಿಗೆ ಹೋಯಿತು. ಹುಡುಗಿಯರು ಬಂದರು, ಅಂಗಳದಲ್ಲಿ ಸ್ವಲ್ಪ ನಿಂತರು, ಹಿಂದಿರುಗಿ ಹೋದರು.

ನಿಜ ಏನೆಂದರೆ — ನಾನು ಓದುತ್ತಲೇ ಇರಲಿಲ್ಲ. ಪುಸ್ತಕದಲ್ಲಿ ಮಾಡಿ ತೋರಿಸಿದ ಲೆಕ್ಕಗಳನ್ನು ಕಥೆಯ ಹಾಗೆ ನೋಡಿ, ಹೌದು, ಸರಿ, ಅರ್ಥವಾಯಿತು ಎಂದು ಪುಟ ಮಗುಚುತ್ತಿದ್ದೆ. ಮಿಷನ್ ಹೋದ ಮೇಲೆ ಮನೆ ತಣ್ಣಗಾಯಿತು. ನನಗೆ ನಿದ್ದೆ ಚೆನ್ನಾಗಿ ಬರತೊಡಗಿತು, ಅಷ್ಟೇ.

ಕೊನೆಗೆ ಒಂದು ಭಾನುವಾರ ಮೂಡಬಿದಿರೆಯ ಮೇಷ್ಟ್ರೊಬ್ಬರ ಬಳಿಗೆ ಹೋದೆ. ಅವರು ಪುಸ್ತಕ ಮುಚ್ಚಿಸಿ ಒಂದು ಲೆಕ್ಕ ಕೊಟ್ಟರು. ನನ್ನ ಪೆನ್ನು ಕದಲಲಿಲ್ಲ. "ನೀನು ಲೆಕ್ಕ ಮಾಡುವುದಲ್ಲ ಮಾರಾಯ, ಬೇರೆಯವರು ಮಾಡಿದ್ದಕ್ಕೆ ತಲೆ ಆಡಿಸುವುದು" ಎಂದರು. ಉತ್ತರ ಮುಚ್ಚಿ ಮಾಡಬೇಕು, ಜಮಾ-ಖರ್ಚಿನ ಎರಡು ಬದಿ ತಾಳೆಯಾಗದಿದ್ದರೆ ತಪ್ಪನ್ನು ನಾನೇ ಹುಡುಕಬೇಕು, ತಪ್ಪಿದ ಲೆಕ್ಕವನ್ನು ಮುಂದಿನ ವಾರ ಮೊದಲಿನಿಂದ ಮಾಡಬೇಕು — ಇಷ್ಟೇ ಅವರು ಕಲಿಸಿದ್ದು.

ಹಾಗೆ ಮಾಡಿದೆ. ಎಲ್ಲಿ ಮಾಡಿದೆ ಎಂದು ಬರೆಯಲು ಕೈ ಹಿಂಜರಿಯುತ್ತದೆ. ಮಿಲ್ಲಿನಲ್ಲಿ, ಮಧ್ಯಾಹ್ನದ ಬಿಡುವಿನಲ್ಲಿ, ಕೂತ ಬೆಂಚು ನಡುಗುವಂತೆ ಇಂಜಿನು ಬಡಿದುಕೊಳ್ಳುತ್ತಿರುವಾಗ. ಆ ಗದ್ದಲದಲ್ಲಿ ಕಲಿತೇ ನಾಲ್ಕನೆಯ ಸಲ ಪಾಸಾದೆ.

ಮನೆಯಲ್ಲಿ ಮಾವ, "ನೋಡಿದಿರಾ? ಮಿಷನ್ ಹೋಯಿತು, ಹುಡುಗ ಪಾಸಾದ" ಎಂದರು. ನನ್ನ ಸುಳ್ಳಿಗೆ ನನ್ನ ಪಾಸೇ ಸಾಕ್ಷಿಯಾಯಿತು. ಅಕ್ಕ ಪಾಯಸ ಬಡಿಸುತ್ತ ಮೆಲ್ಲನೆ ಹೇಳಿದಳು, "ನನ್ನಿಂದ ನಿನ್ನ ಇಷ್ಟು ವರ್ಷ ಹಾಳಾಯಿತಲ್ಲ ತಮ್ಮ." ಆಗ ಬಾಯಿ ಬಿಡಬಹುದಿತ್ತು — ನಾನು ಇನ್ನೊಂದು ಸೌಟು ಹಾಕಿಸಿಕೊಂಡೆ.

ಹೋದ ವಾರ ಮಾವ ಮನೆಯ ಮಕ್ಕಳನ್ನು ಕೂರಿಸಿಕೊಂಡು ಮತ್ತೆ ಅದೇ ಕಥೆ ಹೇಳಿದರು. ಭಾವ ಮುಂಬೈ ಬಿಟ್ಟು ಬಂದ ಮೇಲೆ ಲಾಯಿಲದಲ್ಲಿ ಬೇರೆ ಮನೆ ಮಾಡಿದ್ದ ಅಕ್ಕ ಅವತ್ತು ಬಂದಿದ್ದಳು; ಅವಳು ಅಪರಾಧಿಯ ಹಾಗೆ ತಲೆ ತಗ್ಗಿಸಿದ್ದನ್ನು ಕಂಡೆ. ಅದಕ್ಕೇ ಇವತ್ತು ಬಂದದ್ದು.

ಅವಳು ಅಡುಗೆಮನೆಯ ಹೊಸ್ತಿಲಲ್ಲಿ ಬಸಳೆ ಹೆಚ್ಚುತ್ತಿದ್ದಳು. ಎಲ್ಲ ಹೇಳಿದೆ. ಅವಳ ಕೈ ನಿಂತಿತು.

"ಹಾಗಾದರೆ ನನ್ನ ಸದ್ದು ಅಲ್ಲ?"

"ಅಲ್ಲ ಅಕ್ಕ."

"ಈಗಲೂ ಮಕ್ಕಳು ಪುಸ್ತಕ ಹಿಡಿದರೆ ನಾನು ಪಾತ್ರೆ ಮೆಲ್ಲ ಇಡ್ತೇನೆ, ಗೊತ್ತುಂಟಾ ನಿನಗೆ?" ಹೆಚ್ಚಿದ ಬಸಳೆಯನ್ನು ಪಾತ್ರೆಗೆ ಹಾಕಿ ಅಂದಳು, "ನನ್ನ ಕಿವಿಯಲ್ಲಿ ಹೇಳಿ ಹೋಗುವುದು ಬೇಡ. ಚಾವಡಿಯಲ್ಲಿ ಹೇಳಿದ್ದಲ್ಲವಾ? ಅಲ್ಲಿಯೇ ಹೇಳು. ಮಾವ ಇರುವಾಗಲೇ."

ಮಿಷನ್ ತಂದುಕೊಡುತ್ತೇನೆ ಎನ್ನಲು ಹೊರಟೆ. ಈಗ ಅವಳಿಗೆ ದಾರ ಪೋಣಿಸುವಷ್ಟು ಕಣ್ಣಿಲ್ಲ. ನಾಳೆ ಮೊದಲ ಬಸ್ಸಿಗೆ ಹೋಗಿ, ಎಲ್ಲರೂ ಕೂಡಿರುವಾಗ ಮಾವನ ಎದುರು ನಿಲ್ಲಬೇಕು. ಯಾರಾದರೂ ನಗಲಿ.

ರಾತ್ರಿ ಗಂಜಿ, ಬಸಳೆ ಪದಾರ್ಥ, ಒಣಮೀನಿನ ಚಟ್ನಿ. ಅಕ್ಕ ಬಡಿಸಿದಳು. ನಾನು ಬಂದ ದಿನ ಹರಟೆ ಹೊಡೆದು ಎಲ್ಲರಿಗಿಂತ ಕೊನೆಗೆ ಮಲಗುವವಳು, ಇವತ್ತು ಎಲ್ಲರಿಗಿಂತ ಮೊದಲು ಮಲಗಿದಳು.