ನಕಲಿ ಡಾನ್ ಮತ್ತು ಒಣ ಸಿಗಡಿ

ಕೆಲಸದ ಮೇಲೆ ಭಟ್ಕಳದಿಂದ ಕುಮಟಾಕ್ಕೆ ಹೊರಟವನು ಬಸ್ಸಿನಲ್ಲಿ ಫೋನ್ ತೆಗೆದು ಹಳೇ ಗ್ಯಾಂಗ್‌ಸ್ಟರ್ ಸಿನಿಮಾವೊಂದನ್ನು ನೋಡುತ್ತಿದ್ದೆ. ರೌಡಿಗಳು ಒಬ್ಬ ಬಡಪಾಯಿ ಟೇಲರ್‌ನನ್ನು ತಮ್ಮ ಡಾನ್ ಎಂದೇ ತಿಳಿದು, ಹೊತ್ತೊಯ್ದು ಮೆರೆಸುತ್ತಿದ್ದರು. ಪಕ್ಕದಲ್ಲಿದ್ದ ಮೀನು ಮಾರುವ ಅಕ್ಕನೂ ಬಗ್ಗಿ ನೋಡುತ್ತಿದ್ದರು.

“ನಾನು ಅವನಲ್ಲ ಅಂತ ಇವನು ಒಂದು ಮಾತು ಹೇಳಬಾರದಾ?” ಎಂದು ಗೊಣಗಿದೆ.

“ಅವ ಎಂತಕ್ಕೆ ಹೇಳ್ತ? ಕೂತಲ್ಲೇ ಕೋಳಿ ಊಟ!” ಅಂದರು ಅಕ್ಕ. “ದಡ್ಡರು ಈ ರೌಡಿಗಳು. ಯಾರ ಮನೆಯವ, ತಾಯಿ ಯಾರು ಅಂತ ಒಬ್ಬನಾದ್ರೂ ಕೇಳಿದ್ನಾ? ನಮ್ಮೂರು ತೆಂಗಿನಗುಂಡಿಲಿ ಆಗಿದ್ರೆ ದೋಣಿ ಇಳಿಯೂದ್ರೊಳಗೆ ಸಿಕ್ಕಿಬೀಳ್ತಿದ್ದ.”

ಹೊನ್ನಾವರದಲ್ಲಿ ಇಳಿಯುವಾಗ ಅವರು ಬುಟ್ಟಿಯಿಂದ ಒಣ ಸಿಗಡಿಯ ಪೊಟ್ಟಣ ತೆಗೆದು ನನ್ನ ಕೈಗಿಟ್ಟರು.

“ಹಿರೇಗುತ್ತಿ ಟೀಚರಮ್ಮನ ಮಗ ಅಲ್ದಾ ನೀನು? ಬಸ್ ಹತ್ತೂವಾಗ್ಲೇ ಗುರ್ತಾತು. ಅಮ್ಮಂಗೆ ಕೊಡು ತಮಾ.”

ನಮ್ಮ ಮನೆ ಇರುವುದು ದಾವಣಗೆರೆಯಲ್ಲಿ. ನಮ್ಮಮ್ಮ ಶಾಲೆಯ ಮೆಟ್ಟಿಲನ್ನೇ ಹತ್ತಿದವಳಲ್ಲ. ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಸಿಗಡಿಯ ಘಮ ಮೂಗಿಗೆ ಬಡಿಯಿತು.

“ಆತು ಅಕ್ಕಾ,” ಅಂದೆ.

ಆ ಟೇಲರ್ ಬಗ್ಗೆ ನನಗೀಗ ಯಾವ ತಕರಾರೂ ಇಲ್ಲ. ಹಿರೇಗುತ್ತಿಯ ಟೀಚರಮ್ಮನವರು ಮಾತ್ರ ನನ್ನನ್ನು ಕ್ಷಮಿಸಬೇಕು. ಸಿಗಡಿ ಚಟ್ನಿ ಬಹಳ ಚೆನ್ನಾಗಿತ್ತು.